ಸುಣ್ಣ, ಬಣ್ಣ, ಬೆಳಕು

ಮನೆಯ ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಹಿರಿಯರ ಕಾಲದಲ್ಲಿ ಪರರಿಂದ ಮಾಡಿಸತಕ್ಕ ಕೆಲಸವಾಗಿರಲಿಲ್ಲ. ಯುಗಾದಿಯೋ ದೀಪಾವಳಿಯೋ ಸಮೀಪಿಸಿತೆಂದರೆ ಹಿತ್ತಿಲಿನ ಗುಡಾಣದಲ್ಲಿ ಸುಣ್ಣ ಕೊತಕೊತನೆ ಕುದಿಯುತ್ತಿತ್ತು. ಮನೆಯ ಹುಡುಗರೇ ನಾರಿನ ಕುಂಚ ಹಿಡಿದು ಏಣಿ ಹತ್ತುತ್ತಿದ್ದರು. 1948ರಲ್ಲಿ ಅಸ್ತಿಭಾರ ಕಂಡ ಜಯನಗರದಲ್ಲಿ ಸುಣ್ಣ ಬಳಿದ ಹಳೆಯ ಮನೆಗಳನ್ನು ನೋಡಿದವರು ಇಂದಿಗೂ ಇದ್ದಾರೆ. ಈಗ ಬನಶಂಕರಿಯ ಮಹಡಿಮನೆಯಿಂದ ಹಿಡಿದು, ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರುಗಳನ್ನು ಮೊಟಕುಮಾಡಿ ಬಿ.ಟಿ.ಎಂ. ಎಂದು ಕರೆಸಿಕೊಂಡ ಬಡಾವಣೆಯ ಬಾಡಿಗೆ ಕೋಣೆಯವರೆಗೆ ಎಲ್ಲೆಲ್ಲೂ ಡಬ್ಬಿಯ ಬಣ್ಣವೇ ಆಳುತ್ತಿದೆ. ಬಣ್ಣ ಬಳಿಸುವ ವೆಚ್ಚದಲ್ಲಿ ಕೂಲಿಯ ಪಾಲು ದೊಡ್ಡದು. ಆದ್ದರಿಂದಲೇ ರಜೆಯಲ್ಲಿರುವ ವಿದ್ಯಾರ್ಥಿಗಳು ತಮ್ಮ ಕೋಣೆಗೆ ತಾವೇ ಬಣ್ಣ ಹಾಕಿಕೊಳ್ಳಲು ಮುಂದಾಗುತ್ತಿರುವುದನ್ನು ನಾವು ಅಲ್ಲಲ್ಲಿ ಕಾಣುತ್ತಿದ್ದೇವೆ. ಇದು ಸಂತೋಷದ ವಿಷಯ. ಆದರೆ ಕುಂಚ ಹಿಡಿಯುವ ಮುನ್ನ ಬಿಳುಪೆಂದರೇನು, ಬಣ್ಣ ಒಣಗುವುದೆಂದರೇನು, ಹಳೆಯ ಬಣ್ಣವನ್ನು ಕೆರೆಯುವಾಗ ಏನು ಹಾರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದಿರುವುದು ಲೇಸು. ಮೂರನೆಯದು ಮಕ್ಕಳಿರುವ ಮನೆಯಲ್ಲಿ ಕೇವಲ ಕುತೂಹಲದ ಪ್ರಶ್ನೆಯಲ್ಲ.

ಮೊದಲು ಸುಣ್ಣವನ್ನೇ ನೋಡೋಣ. ಸುಣ್ಣಕಲ್ಲು ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ಗೂಡಿನಲ್ಲಿ ಇಟ್ಟು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಅದರಲ್ಲಿ ಅಡಗಿದ್ದ ಇಂಗಾಲದ ಡೈಆಕ್ಸೈಡು ಹಾರಿಹೋಗಿ, 100 ಕಿಲೋಗ್ರಾಂ ಕಲ್ಲಿನಲ್ಲಿ 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಸೋಕಿದೊಡನೆ ಗೂಡಿನಲ್ಲಿ ಕುಡಿದ ಶಾಖದ ಒಂದು ಭಾಗವನ್ನು ಕಕ್ಕುತ್ತದೆ. ಒಂದು ಕಿಲೋಗ್ರಾಂ ಸುಟ್ಟ ಸುಣ್ಣ ಅರಳುವಾಗ ಹೊರಬೀಳುವ ಶಾಖವೆಲ್ಲ ನೀರಿಗೇ ಸೇರುವುದಾದರೆ ಮೂರು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಗುಡಾಣ ಬೆಂಕಿಯಿಲ್ಲದೆ ಕುದಿಯುತ್ತಿದ್ದ ರಹಸ್ಯ ಇದೇ. ಅರಳಿದ ಸುಣ್ಣ ತೀಕ್ಷ್ಣವಾದ ಕ್ಷಾರ. ಅದರ ಒಂದು ಹನಿ ಕಣ್ಣಿಗೆ ಬಿದ್ದರೂ ಅಪಾಯವುಂಟು. ಕನ್ನಡಕವಿಲ್ಲದೆ ಯಾರೂ ಸೂರಿಗೆ ಸುಣ್ಣ ಬಳಿಯತಕ್ಕದ್ದಲ್ಲ.

ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದು ಬರಿಯ ಒಣಗುವಿಕೆಯಿಂದಲ್ಲ. ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮರಳಿ ಸುಣ್ಣಕಲ್ಲಾಗುತ್ತದೆ. ಗಾಳಿಯಲ್ಲಿ ಆ ಅನಿಲವಿರುವುದು ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗದಷ್ಟೆ. ಆದ್ದರಿಂದ ಒಂದು ಕಿಲೋಗ್ರಾಂ ಅರಳಿದ ಸುಣ್ಣ ಪೂರ್ತಿಯಾಗಿ ಕಲ್ಲಾಗಬೇಕಾದರೆ ಬೆಂಗಳೂರಿನ ಎತ್ತರದಲ್ಲಿ ಎಂಟುನೂರು ಘನ ಮೀಟರಿಗೂ ಮಿಕ್ಕ ಗಾಳಿ ಬೇಕು. ಒಂದು ಸಾಧಾರಣ ಕೋಣೆಯಲ್ಲಿರುವುದು ಮೂವತ್ತು ನಲವತ್ತು ಘನ ಮೀಟರು. ಈ ಕ್ರಿಯೆಗೆ ಸ್ವಲ್ಪ ತೇವವೂ ಬೇಕು. ಗೋಡೆಯನ್ನು ಮೊದಲು ನೀರಿನಿಂದ ತೊಯ್ಯಿಸಿ, ತೆಳುವಾಗಿ ಹಲವು ಸಾರಿ ಬಳಿಯಬೇಕೆಂಬ ಹಳಬರ ಕಟ್ಟಳೆ ಇಲ್ಲಿಂದ ಬಂದಿದೆ. ಬಿರುಬಿಸಿಲಿನಲ್ಲಿ ದಪ್ಪವಾಗಿ ಒಂದೇ ಸಾರಿಗೆ ಬಳಿದ ಸುಣ್ಣ ಕಲ್ಲಾಗುವ ಮೊದಲೇ ಒಣಗಿ, ಒರಗಿದವರ ಬೆನ್ನಿಗೆಲ್ಲ ಅಂಟಿಕೊಳ್ಳುತ್ತದೆ.

ಸುಣ್ಣ ಬಳಿದವರೆಲ್ಲರೂ ಗಮನಿಸಿರಬಹುದಾದ ಒಂದು ವಿಚಿತ್ರವುಂಟು. ಹಸಿಯಾಗಿರುವಾಗ ಗೋಡೆಯ ಹಳೆಯ ಕಲೆಗಳೆಲ್ಲ ಅದರೊಳಗಿಂದ ಕಾಣುತ್ತಿರುತ್ತವೆ. ಇಷ್ಟು ನೀರಾದ ಸುಣ್ಣದಿಂದ ಏನು ಪ್ರಯೋಜನವೆಂದು ಹೊಸಬರು ಮತ್ತೆ ಮತ್ತೆ ಬಳಿಯುತ್ತಾರೆ. ಗಂಟೆಗಳು ಕಳೆದ ಮೇಲೆ ನೋಡಿದರೆ ಅದೇ ಗೋಡೆ ಬೆಳ್ಳಗೆ ಹೊಳೆಯುತ್ತಿರುತ್ತದೆ! ನೀರು ಹೋದದ್ದೇನೋ ಸರಿ. ಬಿಳುಪು ಎಲ್ಲಿಂದ ಬಂತು?

ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವ ಗಡಿಯಲ್ಲಿ ಅದರ ಒಂದಂಶ ಹಿಂದಕ್ಕೆ ಮರಳುತ್ತದೆ. ಲಂಬವಾಗಿ ಬಿದ್ದ ಬೆಳಕಿಗೆ ಆ ಅಂಶವನ್ನು ಲೆಕ್ಕ ಹಾಕುವ ಬಗೆ ಸುಲಭ: ಎರಡು ಮಾಧ್ಯಮಗಳ ವಕ್ರೀಭವನಾಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಬೇಕು. ಸುಣ್ಣದ ಕಣದ ವಕ್ರೀಭವನಾಂಕ ಸುಮಾರು 1.6, ನೀರಿನದು 1.33, ಗಾಳಿಯದು 1. ಸುಣ್ಣವೂ ನೀರೂ ಸಂಧಿಸುವಲ್ಲಿ ನೂರಕ್ಕೆ 0.85ರಷ್ಟು ಬೆಳಕು ಮಾತ್ರ ಹಿಂತಿರುಗುತ್ತದೆ. ಸುಣ್ಣವೂ ಗಾಳಿಯೂ ಸಂಧಿಸುವಲ್ಲಿ ನೂರಕ್ಕೆ 5.3ರಷ್ಟು, ಅಂದರೆ ಆರುಪಟ್ಟಿಗೂ ಹೆಚ್ಚು. ಕಣಗಳ ನಡುವಣ ನೀರು ಆರಿ ಅಲ್ಲಿಗೆ ಗಾಳಿ ನುಗ್ಗಿದಂತೆಲ್ಲ ಇಂಥ ಗಡಿಗಳು ಅಸಂಖ್ಯವಾಗುತ್ತವೆ. ಒಳಹೊಕ್ಕ ಬೆಳಕು ಒಂದೊಂದು ಗಡಿಯಲ್ಲೂ ಸ್ವಲ್ಪಸ್ವಲ್ಪವಾಗಿ ಚದರಿ, ಗೋಡೆಯ ಕಲೆಯನ್ನು ಮುಟ್ಟುವ ಮೊದಲೇ ಹೊರಗೆ ಬಂದುಬಿಡುತ್ತದೆ. ಎಲ್ಲ ವರ್ಣಗಳೂ ಸಮಸಮವಾಗಿ ಮರಳುವುದರಿಂದ ನಮ್ಮ ಕಣ್ಣಿಗೆ ಅದು ಬಿಳುಪು. ಪುಡಿಗೈದ ಗಾಜು, ಉಪ್ಪು, ಸಕ್ಕರೆ, ಹಾಲಿನ ನೊರೆ, ಎಲ್ಲದರ ಬಿಳುಪೂ ಈ ಜಾತಿಯದೇ. ಅವುಗಳಲ್ಲಿ ಬಿಳಿಯ ವಸ್ತುವೆಂಬುದು ಯಾವುದೂ ಇಲ್ಲ.

ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಕಲಸುವ ರೂಢಿಯನ್ನು ಇಲ್ಲಿಯೇ ಹೇಳಿಬಿಡಬಹುದು. ಸುಣ್ಣದಲ್ಲಿರುವ ಕಬ್ಬಿಣದ ಕಲ್ಮಷದಿಂದ ಗೋಡೆ ನಸುಹಳದಿಯಾಗಿ ಕಾಣುತ್ತದೆ. ನೀಲಿಪುಡಿ ಆ ಹಳದಿಯನ್ನು ನುಂಗುತ್ತದೆ. ಆಗ ಗೋಡೆಯಿಂದ ಬರುವ ಒಟ್ಟು ಬೆಳಕು ಹೆಚ್ಚುವುದರ ಬದಲು ಸ್ವಲ್ಪ ಕಡಿಮೆಯಾಗುತ್ತದೆ. ಆದರೂ ಕಣ್ಣು ‘ಇನ್ನೂ ಬಿಳಿ’ ಎನ್ನುತ್ತದೆ. ಎಲ್ಲ ನೀಲಿಗಳೂ ಈ ಕೆಲಸಕ್ಕೆ ಬಾರವು. ಪ್ರಷ್ಯನ್ ನೀಲಿ ಕ್ಷಾರದಲ್ಲಿ ಕೆಟ್ಟುಹೋಗುತ್ತದೆ; ಅಲ್ಟ್ರಾಮರೀನ್ ನೀಲಿ ಮಾತ್ರ ತಾಳಿಕೊಳ್ಳುತ್ತದೆ.

ಸುಣ್ಣದ ಪುಡಿಯನ್ನು ಎಣ್ಣೆಯಲ್ಲಿಯೋ ಇಂದಿನ ಅಕ್ರಿಲಿಕ್ ಅಂಟಿನಲ್ಲಿಯೋ ಕಲಸಿದರೆ ಬಿಳಿಯ ಬಣ್ಣವಾಗುವುದಿಲ್ಲವೇ ಎಂದು ವಾಚಕರು ಕೇಳಬಹುದು. ಆಗುವುದಿಲ್ಲ. ಈ ಅಂಟಿನ ವಕ್ರೀಭವನಾಂಕ ಸುಮಾರು 1.49, ಸುಣ್ಣಕ್ಕೂ ಅದಕ್ಕೂ ಗಡಿಯೇ ಇಲ್ಲವೆನ್ನುವಷ್ಟು ಸಾಮೀಪ್ಯ. ಹಿಂತಿರುಗುವ ಬೆಳಕು ನೂರಕ್ಕೆ 0.13 ಮಾತ್ರ. ಅಂಟು ಒಣಗಿದ ಮೇಲೂ ಕಣಗಳನ್ನು ಸುತ್ತುವರಿದೇ ಇರುವುದರಿಂದ ಗಾಳಿಗೆ ಎಡೆಯಿಲ್ಲ. ಆದುದರಿಂದ ಅತ್ಯಧಿಕ ವಕ್ರೀಭವನಾಂಕವುಳ್ಳ ಪುಡಿಯೊಂದನ್ನು ಹುಡುಕಬೇಕಾಯಿತು. ಹಿಂದಿನ ಕಾಲಕ್ಕೆ ದೊರೆತದ್ದು ಸೀಸದ ಬಿಳುಪು, ಅದರ ಅಂಕ ಸುಮಾರು 2. ಇಪ್ಪತ್ತನೆಯ ಶತಮಾನ ತಂದುಕೊಟ್ಟದ್ದು ಟೈಟೇನಿಯಂ ಡೈಆಕ್ಸೈಡು. ಅದರ ರೂಟೈಲ್ ಎಂಬ ರೂಪಕ್ಕೆ ಈ ಅಂಕ ಸುಮಾರು 2.7, ವಜ್ರವನ್ನೂ ಮೀರಿಸಿದ್ದು. ಅಂಟಿನೊಡನೆ ಅದರ ಗಡಿಯಲ್ಲಿ ನೂರಕ್ಕೆ 8.3ರಷ್ಟು ಬೆಳಕು ಮರಳುತ್ತದೆ, ಸುಣ್ಣಕ್ಕಿಂತ ಅರವತ್ತು ಪಟ್ಟು ಮಿಗಿಲಾಗಿ. ವಾಸ್ತವದಲ್ಲಿ ಕಣಗಳು ಬೆಳಕಿನ ಅಲೆಯುದ್ದಕ್ಕಿಂತಲೂ ಚಿಕ್ಕವಾಗಿರುವುದರಿಂದ ಈ ಸರಳ ಲೆಕ್ಕ ಅಂದಾಜಿಗೆ ಮಾತ್ರ ಸಾಕು. ನಿಷ್ಕೃಷ್ಟವಾದ ಗಣಿತವನ್ನು 1908ರಲ್ಲಿ ಗುಸ್ಟಾಫ್ ಮೀ ಎಂಬ ಜರ್ಮನ್ ವಿಜ್ಞಾನಿ ಕೊಟ್ಟನು. ಕಣದ ವ್ಯಾಸ ಅಲೆಯುದ್ದದ ಅರ್ಧದ ಆಸುಪಾಸಿನಲ್ಲಿ, ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಎರಡು ಮೂರು ಭಾಗದಷ್ಟಿದ್ದಾಗ ಬೆಳಕು ಅತ್ಯಂತ ಬಲವಾಗಿ ಚದರುತ್ತದೆ. ಕಾರ್ಖಾನೆಗಳು ಪುಡಿಯನ್ನು ಆ ಗಾತ್ರಕ್ಕೇ ತಯಾರಿಸುತ್ತವೆ. ಈ ಲೋಹದ ಅದಿರು ನಮ್ಮ ನೆರೆಯ ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಹೇರಳವಾಗಿದೆ. ಅಚ್ಚ ಬಿಳಿಯ ಬಣ್ಣ ಕಪ್ಪು ಮರಳಿನಿಂದ ಬರುತ್ತದೆ!

ಬಣ್ಣದ ಕೈಗಾರಿಕೆ ನಮ್ಮ ನಾಡಿಗೆ ಹೊಸದಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಇಂದಿನ ಮೈಸೂರು ಪೇಂಟ್ಸ್ ಮತ್ತು ವಾರ್ನಿಷ್ ಸಂಸ್ಥೆ ಅದೇ. 1962ರ ಮಹಾ ಚುನಾವಣೆಯಿಂದ ಮೊದಲ್ಗೊಂಡು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದ ಬರುತ್ತಿದೆಯೆಂಬುದನ್ನು ಅನೇಕರು ಬಲ್ಲರು. ಅದು ಮೂಲತಃ ಗೋಡೆ ಬಾಗಿಲುಗಳ ಬಣ್ಣದ ಮನೆಯೆಂಬುದನ್ನು ಬಲ್ಲವರು ಕಡಿಮೆ.

ಇನ್ನು ಕೆಲಸದ ಲೆಕ್ಕ. ಹತ್ತಡಿಗೆ ಹನ್ನೆರಡಡಿಯ, ಹತ್ತಡಿ ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ನಾಲ್ಕು ಗೋಡೆಗಳು ಸೇರಿ 440 ಚದರಡಿ. ಏಳಕ್ಕೆ ಮೂರಡಿಯ ಬಾಗಿಲು, ನಾಲ್ಕಕ್ಕೆ ನಾಲ್ಕಡಿಯ ಎರಡು ಕಿಟಕಿ ಇವುಗಳ 53 ಚದರಡಿಯನ್ನು ಕಳೆದು, ಸೂರಿನ 120ನ್ನು ಕೂಡಿದರೆ 507 ಚದರಡಿ. ಒಂದು ಲೀಟರು ಎಮಲ್ಷನ್ ಒಂದು ಸಾರಿ ಬಳಿಯುವುದಕ್ಕೆ 120 ಚದರಡಿಗೆ ಸಾಕಾಗುವುದಾದರೆ ಎರಡು ಸಾರಿಗೆ ಎಂಟೂವರೆ ಲೀಟರು ಬೇಕು. ಈ ಲೆಕ್ಕವನ್ನು ಮಾಡಿಕೊಳ್ಳದೆ ಅಂಗಡಿಗೆ ಹೋದವರು ಇಪ್ಪತ್ತು ಲೀಟರಿನ ಡಬ್ಬಿಯೊಂದಿಗೆ ಮರಳುವುದುಂಟು.

ಒಂದು ಲೀಟರನ್ನು 120 ಚದರಡಿಗೆ ಹರಡಿದಾಗ ಹಸಿ ಪದರದ ದಪ್ಪ ಮಿಲಿಮೀಟರಿನ ಸಾವಿರದಲ್ಲಿ 90 ಭಾಗ. ಅದರಲ್ಲಿ ಘನಪದಾರ್ಥ ನೂರಕ್ಕೆ 40ರಷ್ಟು ಎಂದಿಟ್ಟುಕೊಂಡರೆ ಒಣಗಿದ ಮೇಲೆ ಉಳಿಯುವುದು 36 ಭಾಗ. ಎರಡು ಪದರಗಳನ್ನೂ ಕೂಡಿಸಿದರೆ ನಮ್ಮ ತಲೆಗೂದಲೊಂದರ ದಪ್ಪ! ಮಿಕ್ಕ ನೂರಕ್ಕೆ 60, ಎಂದರೆ ಐದು ಲೀಟರು, ಬಹುಪಾಲು ನೀರು. ಒಂದೊಂದು ಸಾರಿ ಬಳಿದಾಗಲೂ ಎರಡೂವರೆ ಲೀಟರಿನಷ್ಟು ಈ ಕೋಣೆಯಿಂದ ಹೊರಗೆ ಹೋಗಬೇಕು. 25 ಡಿಗ್ರಿಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹಿಡಿದೀತು. ನಮ್ಮ ಕೋಣೆಯ 34 ಘನ ಮೀಟರು ಗಾಳಿ ಆಗಲೇ ನೂರಕ್ಕೆ 60ರಷ್ಟು ಆರ್ದ್ರವಾಗಿದ್ದರೆ ಇನ್ನು ಹಿಡಿಯುವುದು ಮುನ್ನೂರು ಗ್ರಾಂ ಚಿಲ್ಲರೆ. ಗೋಡೆ ಕುಡಿಯುವುದನ್ನು ಬಿಟ್ಟರೆ, ಎರಡೂವರೆ ಲೀಟರು ಹೋಗಬೇಕಾದರೆ ಕೋಣೆಯ ಗಾಳಿ ಎಂಟು ಸಾರಿಯಾದರೂ ಪೂರ್ತಿಯಾಗಿ ಬದಲಾಗಬೇಕು. ಧೂಳು ಬಂದೀತೆಂದು ಕಿಟಕಿ ಮುಚ್ಚಿ ಬಣ್ಣ ಬಳಿಯುವವರು ಇದನ್ನು ಯೋಚಿಸಬೇಕು.

ನೀರು ಸುಮ್ಮನೆ ಹೋಗುವುದೂ ಇಲ್ಲ. ಎಮಲ್ಷನ್ನಿನಲ್ಲಿ ಅಂಟು ಅತಿ ಸಣ್ಣ ಗುಂಡುಗಳಾಗಿ ತೇಲುತ್ತಿರುತ್ತದೆ. ನೀರು ಆರುತ್ತ ಬಂದಂತೆ ಗುಂಡುಗಳ ನಡುವಣ ಕಿರುಸಂದಿನಲ್ಲಿ ಉಳಿದ ನೀರಿನ ಮೇಲ್ಮೈ ಸೆಳೆತವು ಹಲವು ವಾಯುಭಾರಗಳಷ್ಟು ಬಲದಿಂದ ಅವುಗಳನ್ನು ಒಂದಕ್ಕೊಂದು ಅಮುಕಿ ಹಿಸುಕಿ, ಒಡಕಿಲ್ಲದ ಒಂದೇ ಹಾಳೆಯಾಗಿ ಬೆಸೆಯುತ್ತದೆ. ಈ ಬೆಸುಗೆ ಮುಗಿಯುವ ಮೊದಲು ಎರಡನೆಯ ಪದರ ಬಳಿದರೆ ಮೊದಲನೆಯದು ಕುಂಚಕ್ಕೆ ಅಂಟಿಕೊಂಡು ಎದ್ದುಬರುತ್ತದೆ. ನಾಲ್ಕಾರು ಗಂಟೆ ಕಾಯಬೇಕೆಂಬುದು ಡಬ್ಬಿಯ ಮೇಲಣ ವೃಥಾ ಉಪದೇಶವಲ್ಲ. ಎನಾಮಲ್ ಬಣ್ಣದ ದಾರಿಯೇ ಬೇರೆ. ಅದರಲ್ಲಿರುವ ಎಣ್ಣೆಯಂಶ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆಗ ಶಾಖವೂ ಹುಟ್ಟುತ್ತದೆ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಹರವಿ ಒಣಗಿಸುವುದು ಕ್ಷೇಮ.

ಬೆಂಗಳೂರಿನಲ್ಲಿ ಸೆಪ್ಟೆಂಬರು ಅಕ್ಟೋಬರುಗಳೇ ಹೆಚ್ಚು ಮಳೆಯ ತಿಂಗಳುಗಳು. ದೀಪಾವಳಿಯ ಮುನ್ನ ಬಣ್ಣ ಬಳಿಯುವ ನಮ್ಮ ಸಂಪ್ರದಾಯ ಹವಾಮಾನದ ದೃಷ್ಟಿಯಿಂದ ಅಷ್ಟು ಒಳ್ಳೆಯದಲ್ಲವೆಂದು ನಮ್ಮ ಅಭಿಪ್ರಾಯ. ಸಂಕ್ರಾಂತಿ ಕಳೆದು ಯುಗಾದಿಯೊಳಗೆ ಬಳಿಯುವುದು ಉತ್ತಮ. ಫೆಬ್ರವರಿ, ಮಾರ್ಚಿಯ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿರುತ್ತದೆ, ಗೋಡೆಯೂ ಒಳಗಿನಿಂದ ಒಣಗಿರುತ್ತದೆ. ಗೋಡೆಯೊಳಗೆ ನೀರಿದ್ದರೆ ಯಾವ ಬಣ್ಣವೂ ನಿಲ್ಲದು. ಆ ನೀರು ಇಟ್ಟಿಗೆ ಗಾರೆಗಳ ಲವಣಗಳನ್ನು ಕರಗಿಸಿಕೊಂಡು ಹೊರಮೈಗೆ ಬಂದು ಆರುತ್ತದೆ. ಅಲ್ಲಿ ಬೆಳೆಯುವ ಹರಳುಗಳು ಬಣ್ಣದ ಹಾಳೆಯನ್ನು ಒಳಗಿನಿಂದ ನೂಕಿ ಹಪ್ಪಳದಂತೆ ಎಬ್ಬಿಸುತ್ತವೆ. ಇದಕ್ಕೆ ಮದ್ದು ಡಬ್ಬಿಯಲ್ಲಿಲ್ಲ. ಸೋರುವ ಕೊಳವೆಯನ್ನೋ ಬಿರುಕುಬಿಟ್ಟ ತಾರಸಿಯನ್ನೋ ಹುಡುಕಬೇಕು. ಹೊಸ ಸಿಮೆಂಟು ಗಾರೆಯೂ ತೀಕ್ಷ್ಣ ಕ್ಷಾರವಾದ್ದರಿಂದ ಎಣ್ಣೆಬಣ್ಣವನ್ನು ಸಾಬೂನಾಗಿ ಮಾರ್ಪಡಿಸಿಬಿಡುತ್ತದೆ. ಅದು ಹದವಾಗಿ ಒಣಗಲು ನಾಲ್ಕು ವಾರವಾದರೂ ಬಿಡಬೇಕು.

ಬಣ್ಣದ ಆಯ್ಕೆಯಲ್ಲಿ ರುಚಿಯ ಮಾತನ್ನು ನಾವು ಆಡುವುದಿಲ್ಲ, ಬೆಳಕಿನ ಮಾತನ್ನು ಆಡುತ್ತೇವೆ. ದೀಪದಿಂದ ಹೊರಟ 100 ಭಾಗ ಬೆಳಕು ಗೋಡೆಗೆ ಬಿದ್ದು 80 ಭಾಗ ಮರಳಿದರೆ, ಅದು ಎದುರು ಗೋಡೆಗೆ ಬಿದ್ದು 64 ಆಗಿ ಮರಳುತ್ತದೆ, ಹೀಗೆಯೇ ಮುಂದೆ. ಈ ಗುಣೋತ್ತರ ಶ್ರೇಢಿಯ ಮೊತ್ತ 500. ಗೋಡೆ ಅರ್ಧ ಬೆಳಕನ್ನು ಮಾತ್ರ ಮರಳಿಸುವಂತಿದ್ದರೆ ಮೊತ್ತ 200. ಅದೇ ದೀಪ, ಎರಡೂವರೆ ಪಟ್ಟು ಬೆಳಕು! ನಿಜವಾದ ಕೋಣೆಯಲ್ಲಿ ನೆಲ, ಕಿಟಕಿ, ಪುಸ್ತಕದ ಕಪಾಟುಗಳೆಲ್ಲ ಬೆಳಕನ್ನು ನುಂಗುವುದರಿಂದ ಲಾಭ ಇಷ್ಟಾಗದು. ಆದರೂ ಕಣ್ಣಿಗೆ ಕಾಣುವಷ್ಟು ಆಗುತ್ತದೆ. ಓದುವ ಕೋಣೆಗೆ ಗಾಢ ನೀಲಿ ಬಳಿಯುವ ಇತ್ತೀಚಿನ ಶೋಕಿಯನ್ನು ನಾವು ಒಪ್ಪಲಾರೆವು. ಇಂದಿನ ಮೊಬೈಲು ದೂರವಾಣಿಗಳಲ್ಲಿ ಬೆಳಕನ್ನು ಅಳೆಯುವ ಸಂವೇದಕ ಸಾಮಾನ್ಯವಾಗಿ ಇರುತ್ತದೆ. ಗೋಡೆಗೆ ಮುಖಮಾಡಿ ಒಂದು ಗೇಣು ದೂರದಲ್ಲಿ ಹಿಡಿದು ಅಂಕವನ್ನು ಗುರುತುಮಾಡಿಕೊಂಡು, ಆಮೇಲೆ ಅದೇ ಜಾಗಕ್ಕೆ ಬಿಳಿಯ ಕಾಗದದ ದೊಡ್ಡ ಹಾಳೆಯೊಂದನ್ನು ಅಂಟಿಸಿ ಮತ್ತೆ ಅಳೆಯಿರಿ. ಎರಡು ಅಂಕಗಳ ಪ್ರಮಾಣದಿಂದ ಗೋಡೆ ಕಾಗದಕ್ಕಿಂತ ಎಷ್ಟು ಕಡಿಮೆ ಬೆಳಕು ಮರಳಿಸುತ್ತದೆಂಬುದು ತಿಳಿಯುತ್ತದೆ.

ಗಳಿಕೆಯ ವಿಚಾರವನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ತನ್ನ ಕೋಣೆಗೆ ತಾನೇ ಬಣ್ಣ ಬಳಿದ ವಿದ್ಯಾರ್ಥಿ ಉಳಿಸಿದ ಕೂಲಿಯೇ ಅವನ ಮೊದಲ ಗಳಿಕೆ. ಮೇಲಣ ಲೆಕ್ಕಗಳನ್ನು ಬಲ್ಲವನು ನೆರೆಯವರಿಗೆ ಅಳತೆಪಟ್ಟಿ ಮಾಡಿಕೊಡಬಹುದು. ಕೆಲಸದ ಚಲಚ್ಚಿತ್ರ ತೆಗೆದು ಅಂತರ್ಜಾಲದಲ್ಲಿ ಹಾಕಬಹುದು, ಅದರಿಂದ ಹಣ ಬರುವುದು ತಡವಾಗಿ ಮತ್ತು ಕೆಲವರಿಗೆ ಮಾತ್ರ. ಭಾಷೆಯೂ ಬಂಡವಾಳವಾಗುವ ಕಾಲ ಇದು. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ, ಕನ್ನಡ ವಾಕ್ಯಗಳನ್ನು ಓದಿ ಧ್ವನಿಮುದ್ರಿಸಿ ಕಳುಹಿಸಿದ ಹಳ್ಳಿಯ ಜನರಿಗೆ ಹಣ ಕೊಟ್ಟ ವಿಷಯ 2023ರಲ್ಲಿ ದೂರದ ದೇಶಗಳಲ್ಲೂ ಸುದ್ದಿಯಾಯಿತು. ಆದರೆ ಕೆಲಸ ಕೊಡುತ್ತೇವೆ, ಮೊದಲು ನೀವು ಠೇವಣಿ ಕಟ್ಟಿ ಎನ್ನುವವನು ಕೆಲಸ ಕೊಡುವವನಲ್ಲ. ಅಂಥ ವಂಚನೆಗೆ ಸಿಕ್ಕಿದವರು ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಬೇಕು.

ಇನ್ನು ಮೂರನೆಯ ಪ್ರಶ್ನೆ. ಹೊಸ ಬಣ್ಣ ಹಿಡಿಯಬೇಕಾದರೆ ಹಳೆಯದನ್ನು ಉಜ್ಜಬೇಕು. ಸುಣ್ಣದ ಗೋಡೆಯಲ್ಲಿ ಇದರಿಂದ ದೊಡ್ಡ ಭಯವಿಲ್ಲ. ಭಯವಿರುವುದು ಹಳೆಯ ಬಾಗಿಲು, ಕಿಟಕಿ, ಕಬ್ಬಿಣದ ಸರಳುಗಳ ಎಣ್ಣೆಬಣ್ಣದಲ್ಲಿ. ಸರಳಿಗೆ ಮೊದಲು ಹಚ್ಚುತ್ತಿದ್ದ ಕೆಂಪು, ಸೀಸದ ಆಕ್ಸೈಡು. ಹೊಳೆಯುವ ಹಳದಿ, ಸೀಸದ ಕ್ರೋಮೇಟು. ಬೇಗ ಒಣಗಲೆಂದು ಬೆರೆಸುತ್ತಿದ್ದ ದ್ರವ್ಯಗಳಲ್ಲೂ ಸೀಸ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90ನ್ನು ಮೀರಬಾರದೆಂಬ ನಿಯಮ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ ಪರೀಕ್ಷೆಗೊಳಗಾದ ಅನೇಕ ಎನಾಮಲ್ ಬಣ್ಣಗಳಲ್ಲಿ ಸಾವಿರಾರು ಭಾಗಗಳು ಕಂಡುಬಂದಿದ್ದವು. ಆದುದರಿಂದ ಜಯನಗರದ ಐವತ್ತು ಅರವತ್ತು ವರ್ಷದ ಮನೆ ಮಾತ್ರವಲ್ಲ, ಜೆ.ಪಿ. ನಗರದ ಹದಿನೈದು ವರ್ಷದ ಮನೆಯ ಕಿಟಕಿಯೂ ಸಂಶಯಕ್ಕೆ ಅರ್ಹ.

ಎಷ್ಟು ಸೀಸ? ಲೆಕ್ಕ ಹಾಕೋಣ. ಒಂದು ಚದರ ಮೀಟರಿನ ಬಾಗಿಲು ಕಿಟಕಿಯ ಮೈ ಮೇಲೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ದಪ್ಪದ ಹಳೆಯ ಬಣ್ಣವಿದ್ದರೆ ಅದರ ತೂಕ ಸುಮಾರು 150 ಗ್ರಾಂ. ಅದರಲ್ಲಿ ನೂರಕ್ಕೆ ಒಂದು ಪಾಲು ಸೀಸವಿದ್ದರೆ ಒಂದೂವರೆ ಗ್ರಾಂ. ಅದರಲ್ಲಿಯೂ ನೂರಕ್ಕೆ ಒಂದು ಪಾಲು ಮಾತ್ರ ನಯಧೂಳಾಗಿ ನಮ್ಮ ಕೋಣೆಯ 120 ಚದರಡಿ ನೆಲದ ಮೇಲೆ ಕುಳಿತರೂ ಚದರಡಿಗೆ 125 ಮೈಕ್ರೋಗ್ರಾಂ ಆಯಿತು. ಅಮೆರಿಕವು 2019ರಲ್ಲಿ ಮನೆಯ ನೆಲದ ಧೂಳಿಗೆ ಗೊತ್ತುಪಡಿಸಿದ ಮಿತಿ ಚದರಡಿಗೆ 10 ಆಗಿತ್ತು. ಆ ನೆಲದ ಮೇಲೆ ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗಿಡುತ್ತದೆ. ನುಂಗಿದ ಸೀಸದಲ್ಲಿ ವಯಸ್ಕರ ದೇಹ ಹತ್ತರಲ್ಲೊಂದು ಪಾಲನ್ನು ಹೀರಿದರೆ ಎಳೆಯ ಮಕ್ಕಳ ದೇಹ ಅರ್ಧದವರೆಗೂ ಹೀರಿಕೊಳ್ಳುತ್ತದೆ. ಅದು ಬೆಳೆಯುತ್ತಿರುವ ಮೆದುಳಿಗೆ ಮಾಡುವ ಹಾನಿ ಮರಳಿ ಸರಿಹೋಗತಕ್ಕದ್ದಲ್ಲ. ಇಷ್ಟರವರೆಗೆ ಸೀಸ ನಿರಪಾಯವೆನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ವಿಷಯದಲ್ಲಿ ನಮ್ಮ ದೇಶದ ಕಣ್ಣು ತೆರೆಸಿದ ಕೆಲಸ ಬಹುಮಟ್ಟಿಗೆ ಬೆಂಗಳೂರಿನಲ್ಲೇ ನಡೆಯಿತೆಂಬುದು ಸ್ಮರಣೀಯ. ಇಲ್ಲಿನ ಜಾರ್ಜ್ ಪ್ರತಿಷ್ಠಾನ ಹಲವು ನಗರಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿತು. ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ, ಅಂದಿಗೆ ಆತಂಕದ ಗೆರೆಯೆಂದು ಎಣಿಸಿದ್ದ ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿದ ಸೀಸವಿತ್ತು. 1999ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನೆರೆಯಿತು. ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಂತಿತು. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರು ಸೀಸವಿಷದ ಪರೀಕ್ಷೆ ಮತ್ತು ಸಲಹೆಗಾಗಿ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿ ಬೆಳೆಸಿದರು.

ಹಾಗಾದರೆ ಹಳೆಯ ಕಿಟಕಿಯನ್ನು ಏನು ಮಾಡಬೇಕು? ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕೆದಕದೆ, ಸಾಬೂನು ನೀರಿನಿಂದ ಒರೆಸಿ ಮೇಲೆಯೇ ಹೊಸದನ್ನು ಬಳಿಯುವುದು ಎಲ್ಲಕ್ಕಿಂತ ಕ್ಷೇಮ. ಎದ್ದುಬಂದಿದ್ದರೆ ನೀರು ಚಿಮುಕಿಸಿ ಒದ್ದೆಯಾಗಿರುವಾಗಲೇ, ನೀರು ತಡೆಯುವ ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜಬೇಕು. ಒಣ ಉಜ್ಜುವಿಕೆ, ವಿದ್ಯುತ್ ಉಜ್ಜುಯಂತ್ರ, ಬೆಂಕಿಯ ಜ್ವಾಲೆ ಮೂರೂ ವರ್ಜ್ಯ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಮೂಗಿಗೆ ನಯಧೂಳನ್ನು ತಡೆಯುವ ಮುಖಗವಸು ಕಟ್ಟಬೇಕು. ಮಕ್ಕಳೂ ಗರ್ಭಿಣಿಯರೂ ಆ ದಿನ ಆ ಮನೆಯಲ್ಲೇ ಇರಬಾರದು. ಕೆಲಸ ಮುಗಿದ ಮೇಲೆ ಕಸಬರಿಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ನೆಲವನ್ನು ಎರಡು ಮೂರು ಸಾರಿ ಒರೆಸಿ, ಚಕ್ಕೆಗಳನ್ನೂ ಬಟ್ಟೆಯನ್ನೂ ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಬೇಕು. ತೊಟ್ಟ ಉಡುಪನ್ನು ಬೇರೆಯಾಗಿ ಒಗೆಯಬೇಕು.

ಏಣಿಯ ಬಗ್ಗೆ ಒಂದು ಮಾತು ಉಳಿದಿದೆ. ಅದರ ಬುಡ ಗೋಡೆಯಿಂದ ಏಣಿಯ ಉದ್ದದ ಕಾಲುಭಾಗದಷ್ಟು ದೂರವಿರಲಿ; ಆಗ ಅದು ನೆಲದೊಡನೆ 75 ಡಿಗ್ರಿಯ ಕೋನ ಮಾಡುತ್ತದೆ. ಇದಕ್ಕಿಂತ ಮಲಗಿಸಿದರೆ ಬುಡ ಜಾರುತ್ತದೆ, ನಿಲ್ಲಿಸಿದರೆ ಹತ್ತಿದವನೊಡನೆ ಹಿಂದಕ್ಕೆ ಮಗುಚುತ್ತದೆ. ಮಹಡಿಗಳ ಹೊರಗೋಡೆಯ ಕೆಲಸವನ್ನು ಅದನ್ನೇ ಕಸುಬಾಗಿ ಉಳ್ಳವರಿಗೆ ಬಿಡುವುದು.

ಕುಂಚ ತೊಳೆದ ನೀರನ್ನು ರಸ್ತೆಯ ಮಳೆಚರಂಡಿಗೆ ಚೆಲ್ಲಬಾರದು. ಆ ಚರಂಡಿಗಳು ಕೆರೆಗಳಿಗೆ ಹೋಗುತ್ತವೆ. ಮೊದಲು ಹಳೆಯ ಪತ್ರಿಕೆಯ ಮೇಲೆ ಕುಂಚವನ್ನು ಚೆನ್ನಾಗಿ ಒರೆಸಿ, ಆಮೇಲೆ ಸ್ವಲ್ಪ ನೀರಿನಲ್ಲಿ ತೊಳೆದು ಬಚ್ಚಲಿಗೆ ಬಿಡಬೇಕು. ಉಳಿದ ಬಣ್ಣವನ್ನು ಬಾಯಿ ಬಿಗಿಯಾಗುವ ಚಿಕ್ಕ ಡಬ್ಬಿಗೆ ತುಂಬಿ, ಮೇಲೆ ಬಣ್ಣದ ಹೆಸರು, ಸಂಖ್ಯೆ ಮತ್ತು ಬಳಿದ ತಾರೀಖನ್ನು ಬರೆದಿಟ್ಟರೆ ಮುಂದೆ ಮೊಳೆ ಕಿತ್ತ ತೂತನ್ನು ಮುಚ್ಚಲು ಬೇಕಾಗುತ್ತದೆ.